ಹಳೆಯ ಲ್ಯಾಪ್‌ಟಾಪ್‌ಗಳ ದುರಸ್ತಿ ಮತ್ತು ಪುನಶ್ಚೇತನ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹಳೆಯದು ಎಂದರೆ 1985ರ ತೋಷಿಬಾ ಟಿ1100ರ ಕಾಲದಿಂದ ಸುಮಾರು 2005ರವರೆಗಿನ ಯಂತ್ರಗಳು. ಹೆಚ್ಚಿನ ಉತ್ತರಗಳು ಐಬಿಎಂ ಥಿಂಕ್‌ಪ್ಯಾಡ್, ಆಪಲ್ ಪವರ್‌ಬುಕ್ ಮತ್ತು ತೋಷಿಬಾ ಯಂತ್ರಗಳಿಗೆ ಹೊಂದುತ್ತವೆ. ಬೇರೆ ಕಂಪನಿಗಳ ಯಂತ್ರಗಳಲ್ಲೂ ಕೆಡುವ ಭಾಗಗಳು ಬಹುಪಾಲು ಇವೇ.

ಅಟ್ಟದ ಮೇಲೆ ಇಪ್ಪತ್ತು ವರ್ಷ ಬಿದ್ದಿದ್ದ ಲ್ಯಾಪ್‌ಟಾಪ್ ಸಿಕ್ಕಿದೆ. ಒಮ್ಮೆ ಆನ್ ಮಾಡಿ ನೋಡಲೇ?

ಬೇಡ. ಮೊದಲು ಬಿಚ್ಚಿ ನೋಡಿ, ಆಮೇಲೆ ಕರೆಂಟು. ಈ ಹವ್ಯಾಸದಲ್ಲಿ ಕೈತಪ್ಪಿ ಹೋದ ಯಂತ್ರಗಳಲ್ಲಿ ಹೆಚ್ಚಿನವು "ಒಂದು ಸಲ ಸುಮ್ಮನೆ" ಆನ್ ಮಾಡಿದ್ದರಿಂದಲೇ ಹೋಗಿವೆ. ಒಳಗೆ ಸೋರಿದ ಬ್ಯಾಟರಿಯ ಕ್ಷಾರ ಎರಡು ತಂತಿಗಳ ನಡುವೆ ಸೇತುವೆ ಕಟ್ಟಿರಬಹುದು. ಕರೆಂಟು ಕೊಡದಿದ್ದರೆ ಅದು ತಿನ್ನುವುದು ನಿಧಾನ, ತೊಳೆದು ತೆಗೆಯಬಹುದು. ಕೊಟ್ಟ ಕ್ಷಣದಿಂದ ತಾಮ್ರವನ್ನು ಬೇಗ ಬೇಗ ತಿನ್ನತೊಡಗುತ್ತದೆ, ಚಿಪ್ಪನ್ನೂ ಸುಡಬಹುದು.

ಮಾಡಬೇಕಾದ ಕ್ರಮ ಹೀಗೆ. ಮುಖ್ಯ ಬ್ಯಾಟರಿ ತೆಗೆಯಿರಿ. ಮೆಮೊರಿ ಮತ್ತು ಹಾರ್ಡ್‌ಡಿಸ್ಕಿನ ಮುಚ್ಚಳಗಳನ್ನು ತೆಗೆದು ಒಳಗೆ ಟಾರ್ಚ್ ಬಿಡಿ. ಹಸಿರು ಅಥವಾ ನೀಲಿ ಪುಡಿ, ಬಿಳಿ ಹರಳು, ಮೀನಿನ ವಾಸನೆ, ವಿನೆಗರ್ ವಾಸನೆ: ಇವುಗಳಲ್ಲಿ ಯಾವುದು ಕಂಡರೂ ಪೂರ್ತಿ ಬಿಚ್ಚದೆ ಮುಂದೆ ಹೋಗಬಾರದು. ಹಾರ್ಡ್‌ಡಿಸ್ಕ್ ತೆಗೆದು ಪಕ್ಕಕ್ಕಿಡಿ, ಅದರ ಕೆಲಸ ಬೇರೆಯೇ ಇದೆ. ಇಷ್ಟಾದ ಮೇಲೆ, ಕರೆಂಟಿಗೆ ಮಿತಿ ಹಾಕಬಲ್ಲ ಬೆಂಚ್ ಪವರ್ ಸಪ್ಲೈ ಇದ್ದರೆ ಅದರಿಂದಲೇ ಮೊದಲ ಸಲ ಚಾಲೂ ಮಾಡಿ.

ಹೊಸಬರು ಯಾವ ಯಂತ್ರದಿಂದ ಶುರು ಮಾಡಬೇಕು?

2000ದಿಂದ 2005ರ ನಡುವಿನ ಥಿಂಕ್‌ಪ್ಯಾಡ್ ಟಿ ಅಥವಾ ಎಕ್ಸ್ ಸರಣಿಯಿಂದ. ಟಿ23, ಎಕ್ಸ್31, ಟಿ42 ಇಂಥವು. ಐಬಿಎಂ ಇವುಗಳ ಹಾರ್ಡ್‌ವೇರ್ ನಿರ್ವಹಣಾ ಕೈಪಿಡಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತ್ತು. ಯಾವ ತಿರುಪು ಎಲ್ಲಿ, ಎಷ್ಟು ಉದ್ದ, ಯಾವ ಭಾಗದ ಸಂಖ್ಯೆ ಏನು ಎಂಬುದೆಲ್ಲ ಅದರಲ್ಲಿದೆ. ಈ ಯಂತ್ರಗಳು ಕಂಪನಿಗಳಿಂದ ಸಾಲುಸಾಲಾಗಿ ವಿಲೇವಾರಿಯಾದವು, ಹಾಗಾಗಿ ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಯಂತ್ರ ಸಿಗುವುದು ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆ ಕಂಪ್ಯೂಟರ್ ಭಾಗ ಮಾರುವ ಅಂಗಡಿಗಳಲ್ಲಿ ವಿಚಾರಿಸಿ. ಮಾದರಿಯ ಹೆಸರಿಗಿಂತ ಭಾಗದ ಮೇಲೆ ಅಚ್ಚಾದ ಸಂಖ್ಯೆಯನ್ನು ಬರೆದುಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ.

1991ರ ಅಕ್ಟೋಬರ್‌ನಲ್ಲಿ ಬಂದ ಪವರ್‌ಬುಕ್ 100, 140, 170 ಮತ್ತು 1992ರ ಥಿಂಕ್‌ಪ್ಯಾಡ್ 700ಸಿ ಮನಸೆಳೆಯುವ ಯಂತ್ರಗಳು, ನಿಜ. ಆದರೆ ಅವುಗಳಲ್ಲಿ ಕೆಪಾಸಿಟರ್, ಪ್ಲಾಸ್ಟಿಕ್, ಪರದೆ ಮೂರೂ ಒಟ್ಟಿಗೆ ಕೈಕೊಟ್ಟಿರುತ್ತವೆ. ಬೆಸುಗೆಯಲ್ಲಿ ಕೈ ಪಳಗಿದ ಮೇಲೆ ಅವುಗಳಿಗೆ ಕೈ ಹಾಕಿ.

ಯಾವ ಸಲಕರಣೆಗಳು ಬೇಕೇ ಬೇಕು?

ತಿರುಪುಳಿಯಲ್ಲಿ ಜಿಪುಣತನ ಬೇಡ. ಜಪಾನಿನಲ್ಲಿ ತಯಾರಾದ ಯಂತ್ರಗಳ ತಿರುಪುಗಳು ನೋಡಲು ಫಿಲಿಪ್ಸ್‌ನಂತೆ ಕಂಡರೂ ಬಹಳಷ್ಟು ಜಪಾನಿನ ಮಾನಕವಾದ ಜೆಐಎಸ್ ಮಾದರಿಯವು. ಫಿಲಿಪ್ಸ್ ತಿರುಪುಳಿ ಅವುಗಳಲ್ಲಿ ಪೂರ್ತಿ ಕೂರದೆ ತಲೆ ಸವೆಸುತ್ತದೆ. ಜೆಐಎಸ್ 0 ಮತ್ತು 1 ತೆಗೆದುಕೊಳ್ಳಿ. ಪವರ್‌ಬುಕ್ 100 ಸರಣಿಗೆ ಟಾರ್ಕ್ಸ್ ಟಿ8 ಮತ್ತು ಟಿ10 ಬೇಕು. ಥಿಂಕ್‌ಪ್ಯಾಡ್ ತಿರುಪುಗಳ ಎಳೆಗೆ ಸಡಿಲವಾಗದಂತೆ ನೈಲಾನ್ ಲೇಪ ಇರುತ್ತದೆ. ಮೊದಲ ಕಾಲು ಸುತ್ತಿಗೆ ಬಲ ಬೇಕು, ಆಗ ಮೇಲಿನಿಂದ ಚೆನ್ನಾಗಿ ಒತ್ತಿ ಹಿಡಿದು ತಿರುಗಿಸಿ.

ಉಳಿದಂತೆ: ಮಲ್ಟಿಮೀಟರ್, ಉಷ್ಣತೆ ನಿಯಂತ್ರಿಸಬಹುದಾದ ಬೆಸುಗೆ ಕಡ್ಡಿ, 60/40 ತವರ-ಸೀಸದ ಬೆಸುಗೆ ತಂತಿ, ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ವಸ್ತು), ಕರಗಿದ ಬೆಸುಗೆಯನ್ನು ಹೀರುವ ತಾಮ್ರದ ಬತ್ತಿ, ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಗಟ್ಟಿ ಹಲ್ಲುಜ್ಜುವ ಬ್ರಷ್, ಹಳೆ ಗಿಟಾರ್ ಮೀಟು ಅಥವಾ ಪ್ಲಾಸ್ಟಿಕ್ ಸನ್ನೆ. ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ನೀರು ಹೆಚ್ಚಿರುತ್ತದೆ, ರಾಸಾಯನಿಕ ಮಾರುವ ಅಂಗಡಿಯಿಂದಲೇ ತನ್ನಿ. ತಿರುಪುಗಳಿಗೆ ಮೊಟ್ಟೆಯ ಟ್ರೇ ಸಾಕು. ಇನ್ನೂ ಒಳ್ಳೆಯದೆಂದರೆ ಯಂತ್ರದ ತಳದ ಚಿತ್ರವನ್ನು ರಟ್ಟಿನ ಮೇಲೆ ಬರೆದು, ಪ್ರತಿ ತಿರುಪನ್ನೂ ಅದರ ಜಾಗದಲ್ಲೇ ಚುಚ್ಚಿಡುವುದು. ಉದ್ದದ ತಿರುಪನ್ನು ಗಿಡ್ಡ ತಿರುಪಿನ ಜಾಗಕ್ಕೆ ಹಾಕಿದರೆ ಅದು ಮೇಲಿನ ಹೊದಿಕೆಯನ್ನೋ ಬೋರ್ಡನ್ನೋ ತೂರಿಕೊಂಡು ಹೋಗುತ್ತದೆ.

ಬಿಚ್ಚುವಾಗ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತಿದೆ. ಏನು ಮಾಡುವುದು?

ಹಳೆಯ ಎಬಿಎಸ್ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಮೊದಲು ಮುರಿಯುವುದು ಕೀಲಿನ ಸುತ್ತಲಿನ ಜಾಗ. ಕಾರಣ ಪ್ಲಾಸ್ಟಿಕ್ ಒಂದೇ ಅಲ್ಲ, ಕೀಲಿನ ಗ್ರೀಸ್ ಒಣಗಿ ಅದು ಬಿಗಿದಿರುತ್ತದೆ. ಪರದೆ ಎತ್ತಿದಾಗ ತಿರುಗಬೇಕಾದ ಕೀಲು ತಿರುಗದೆ ತಳದ ಹಿತ್ತಾಳೆ ಬುಷ್‌ಗಳನ್ನು (ತಿರುಪು ಕೂರುವ ಲೋಹದ ಕೊಳವೆಗಳನ್ನು) ಬೇರುಸಮೇತ ಕೀಳುತ್ತದೆ. ಆದ್ದರಿಂದ ಸಿಕ್ಕಿದ ಯಂತ್ರದ ಪರದೆಯನ್ನು ಎರಡೂ ಬದಿ ಹಿಡಿದು ಅತಿ ನಿಧಾನವಾಗಿ ತೆರೆಯಿರಿ. ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಕೀಲನ್ನು ಹೊರತೆಗೆದು ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ನಟ್ಟು ಇರುವ ಕೀಲಾದರೆ ಅದನ್ನು ಕಾಲು ಸುತ್ತು ಸಡಿಲಿಸಿ.

ಕಿತ್ತು ಬಂದ ಬುಷ್ ಕೂರಿಸಲು ಎರಡು ಟ್ಯೂಬಿನ ಅರಾಲ್ಡೈಟ್ ಒಳ್ಳೆಯದು. ಬೇಗ ಗಟ್ಟಿಯಾಗುವುದಲ್ಲ, 24 ಗಂಟೆ ಬೇಡುವ ಸ್ಟ್ಯಾಂಡರ್ಡ್ ಮಾದರಿಯೇ ಬೇಕು. ಎರಡೂ ಮೈಗಳನ್ನು ಮರಳುಕಾಗದದಿಂದ ಉಜ್ಜಿ, ಆಲ್ಕೊಹಾಲ್‌ನಿಂದ ಒರೆಸಿ, ಬುಷ್‌ಗೆ ತಿರುಪು ಹಾಕಿಯೇ ಅಂಟಿಸಿ. ತಿರುಪಿನ ಎಳೆಗೆ ತೆಳ್ಳಗೆ ಗ್ರೀಸ್ ಸವರಿದ್ದರೆ ಅಂಟು ಒಳಗೆ ಹರಿದರೂ ತಿರುಪು ಹೊರಬರುತ್ತದೆ. ಸಣ್ಣ ಬಿರುಕಿಗೆ, ಅದೇ ಜಾತಿಯ ಎಬಿಎಸ್ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ ಮಾಡಿದ ಗಟ್ಟಿ ಗಂಜಿಯನ್ನು ಒಳಮೈಗೆ ಹಚ್ಚಬಹುದು. ಫೆವಿಕ್ವಿಕ್ ಮತ್ತು ಅಡುಗೆ ಸೋಡಾ ಜೋಡಿ ಕ್ಷಣದಲ್ಲಿ ಕಲ್ಲಾಗುತ್ತದೆ. ಒಡೆದ ತಿರುಪು ಕಂಬ ತುಂಬಲು ಅದು ಸರಿ, ಕೀಲಿನಂತೆ ಎಳೆತ ಬೀಳುವ ಕಡೆ ಬೇಡ, ಸಿಡಿಯುತ್ತದೆ.

ಬೋರ್ಡ್ ಮೇಲೆ ಹಸಿರು ಪಾಚಿಯಂತೆ ಕಟ್ಟಿದೆ. ಉಳಿಸಬಹುದೇ?

ಬಹಳ ಸಲ ಉಳಿಸಬಹುದು. 1990ರ ದಶಕದ ತೋಷಿಬಾ, ಪವರ್‌ಬುಕ್ 190, 5300 ಮುಂತಾದವುಗಳಲ್ಲಿ ಗಡಿಯಾರಕ್ಕೆ ಅಥವಾ ಸ್ಟ್ಯಾಂಡ್‌ಬೈಗೆ ಎಂದು ಮರುಚಾರ್ಜ್ ಆಗುವ ಪುಟ್ಟ ನಿಕಲ್ ಬ್ಯಾಟರಿಗಳು ಇರುತ್ತವೆ. ಇವು ಸೋರಿದಾಗ ಹೊರಬರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಇದನ್ನು ಆರಿಸಲು ಆಮ್ಲ ಬೇಕು. ಸೋಡಾ ಹಾಕಿ ಉಜ್ಜಿದರೆ ಪ್ರಯೋಜನವಿಲ್ಲ. ಪವರ್‌ಬುಕ್ 100 ಮತ್ತು 1989ರ ಮ್ಯಾಕಿಂತೋಷ್ ಪೋರ್ಟಬಲ್‌ನ ಬ್ಯಾಟರಿ ಮಾತ್ರ ಲೆಡ್-ಆಸಿಡ್. ಅದು ಸೋರಿದ್ದರೆ ಗಂಧಕಾಮ್ಲ, ಅದಕ್ಕೆ ಅಡುಗೆ ಸೋಡಾ ಸರಿ.

ನಿಕಲ್ ಬ್ಯಾಟರಿಯ ಸೋರಿಕೆಗೆ ಹೀಗೆ ಮಾಡಿ. ಕೈಗವಸು ಮತ್ತು ಕನ್ನಡಕ ಹಾಕಿ. ಬ್ಯಾಟರಿಯ ತಂತಿ ಕತ್ತರಿಸಿ ತೆಗೆಯಿರಿ. ಬಿಳಿ ವಿನೆಗರನ್ನು ಹತ್ತಿಕಡ್ಡಿಯಲ್ಲಿ ಅದ್ದಿ ಹಚ್ಚಿ. ನೊರೆ ಬಂದು ನಿಲ್ಲುವವರೆಗೆ, ಎರಡು ಮೂರು ನಿಮಿಷ ಬಿಡಿ. ಬ್ರಷ್‌ನಿಂದ ಉಜ್ಜಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಎರಡು ಸಲ ತೊಳೆಯಿರಿ. ವಿನೆಗರ್ ಉಳಿದರೆ ಅದೂ ತಿನ್ನುತ್ತದೆ. ಫ್ಯಾನ್ ಗಾಳಿಯಲ್ಲಿ ಒಂದು ದಿನ ಒಣಗಿಸಿ. ಕನೆಕ್ಟರ್‌ಗಳ ಒಳಗೆ, ಚಿಪ್ಪುಗಳ ಅಡಿಯಲ್ಲಿ ನೀರು ಅಡಗಿ ಕೂರುತ್ತದೆ.

ಆಮೇಲೆ ಭೂತಗನ್ನಡಿ ಹಿಡಿದು ಬೋರ್ಡಿನ ಮೇಲೆ ಕಪ್ಪಾದ ಪ್ರತಿ ತಾಮ್ರದ ಗೆರೆಗೂ ಮಲ್ಟಿಮೀಟರ್ ಇಟ್ಟು ನೋಡಿ. ಹಸಿರು ಲೇಪದ ಅಡಿಯಲ್ಲಿ ತಾಮ್ರ ಕರಗಿ ಹೋಗಿರಬಹುದು, ಕಣ್ಣಿಗೆ ಮಾತ್ರ ಸರಿಯಿದ್ದಂತೆ ಕಾಣುತ್ತದೆ. ಎರಡು ಬದಿಗಳನ್ನು ಜೋಡಿಸುವ ಸಣ್ಣ ರಂಧ್ರಗಳೇ ಮೊದಲು ಸಾಯುವುದು. ಕಡಿದ ಕಡೆ ಲೇಪವನ್ನು ಕೆರೆದು 30 ಗೇಜಿನ ತೆಳು ತಂತಿಯಿಂದ ಸೇರಿಸಿ. ಸಂಜೆಗಟ್ಟಲೆ ಕೂತು ಮಾಡುವ ಕೆಲಸ ಇದು. ಬೋರ್ಡ್ ಬದುಕುವುದೂ ಇಲ್ಲೇ.

ಆನ್ ಮಾಡಿದರೆ 161, 163 ಎಂದು ತೋರಿಸಿ ನಿಲ್ಲುತ್ತದೆ.

ಥಿಂಕ್‌ಪ್ಯಾಡ್‌ಗಳಲ್ಲಿ 161 ಎಂದರೆ ಗಡಿಯಾರದ ಬ್ಯಾಟರಿ ಸತ್ತಿದೆ, 163 ಎಂದರೆ ದಿನಾಂಕ ಮತ್ತು ಸಮಯ ಹೊಂದಿಸಿಲ್ಲ, 173 ಎಂದರೆ ಸೆಟ್ಟಿಂಗ್‌ಗಳು ಅಳಿಸಿವೆ. ಹೆಚ್ಚಿನವುಗಳಲ್ಲಿ ಇರುವುದು ಹಳದಿ ಕವಚದೊಳಗಿನ, ಎರಡು ತಂತಿಯ ಲಿಥಿಯಂ ನಾಣ್ಯ ಬ್ಯಾಟರಿ. ಟ್ಯಾಬ್ ಇರುವ ಸಿಆರ್2032 ತಂದು, ಹಳೆಯ ತಂತಿ ಮತ್ತು ಕನೆಕ್ಟರನ್ನು ಆ ಟ್ಯಾಬಿಗೆ ಬೆಸೆಯಿರಿ. ಬ್ಯಾಟರಿಯ ಮೈಗೇ ಬೆಸುಗೆ ಕಡ್ಡಿ ಇಟ್ಟರೆ ಒಳಗಿನ ಸೀಲು ಕರಗುತ್ತದೆ, ಸಿಡಿಯಲೂಬಹುದು.

ಒಂದು ಎಚ್ಚರಿಕೆ: ಮೂಲತಃ ಮರುಚಾರ್ಜ್ ಆಗುವ ಬ್ಯಾಟರಿ ಇದ್ದ ಯಂತ್ರಕ್ಕೆ ಸಿಆರ್2032 ಹಾಕಬೇಡಿ. ಬೋರ್ಡ್ ಅದಕ್ಕೂ ಚಾರ್ಜ್ ಮಾಡಲು ಹೋಗುತ್ತದೆ, ಲಿಥಿಯಂ ನಾಣ್ಯ ಅದನ್ನು ತಾಳದು. ಹಾಕಲೇಬೇಕಾದರೆ ಧನ ತಂತಿಗೆ ಒಂದು ಶಾಟ್ಕಿ ಡಯೋಡ್ ಸೇರಿಸಿ ಹಿಮ್ಮುಖ ಕರೆಂಟನ್ನು ತಡೆಯಿರಿ. ಇಲ್ಲವೇ ಅಷ್ಟೇ ವೋಲ್ಟಿನ ಹೊಸ ನಿಕಲ್ ಬ್ಯಾಟರಿ ಹಾಕಿ, ಒಂದು ಸೆಲ್ಲಿಗೆ 1.2 ವೋಲ್ಟ್ ಲೆಕ್ಕ. ಅದನ್ನು ಬೋರ್ಡಿನ ಮೇಲೆ ಕೂರಿಸದೆ ಉದ್ದ ತಂತಿಯಲ್ಲಿ ದೂರ ಇಟ್ಟರೆ ಮುಂದಿನ ಸೋರಿಕೆಯಿಂದ ಬೋರ್ಡ್ ಬಚಾವ್.

ಒಳಗಿನಿಂದ ಮೀನಿನ ವಾಸನೆ ಬರುತ್ತಿದೆ.

ಅದು ಸೋರಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. 1980ರ ದಶಕದ ಕೊನೆ ಮತ್ತು 1990ರ ದಶಕದ ಆರಂಭದ, ಬೋರ್ಡಿನ ಮೇಲ್ಮೈಗೆ ಬೆಸೆದ ಪುಟ್ಟ ಅಲ್ಯೂಮಿನಿಯಂ ಡಬ್ಬಿಗಳು ಇದಕ್ಕೆ ಕುಖ್ಯಾತ. ಆ ಕಾಲದ ಕೆಲವು ಎಲೆಕ್ಟ್ರೊಲೈಟ್‌ಗಳು ರಬ್ಬರ್ ಸೀಲನ್ನೇ ಹಾಳುಮಾಡಿ ಹೊರಬಂದವು. ಪವರ್‌ಬುಕ್ 100 ಸರಣಿಯ ಪರದೆಯ ಬೋರ್ಡ್, ಹಳೆ ತೋಷಿಬಾಗಳ ಪವರ್ ಬೋರ್ಡ್ ಮೊದಲು ನೋಡಬೇಕಾದ ಜಾಗಗಳು. ಪವರ್‌ಬುಕ್ ಪರದೆ ಮೊದಲು ಮಸುಕಾಗಿದ್ದು, ಸ್ವಲ್ಪ ಬಿಸಿಯಾದ ಮೇಲೆ ಸರಿಹೋಗುವುದು ಇದರ ಲಕ್ಷಣ.

ಒಂದು ಸೋರಿದ್ದರೆ ಎಲ್ಲವನ್ನೂ ಬದಲಿಸಿ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜು ಅಷ್ಟೇ ಅಥವಾ ಹೆಚ್ಚಿರಲಿ, ಉಷ್ಣತೆಯ ಮಿತಿ 105 ಡಿಗ್ರಿಯದ್ದಿರಲಿ. ಟ್ಯಾಂಟಲಮ್ ಹಾಕುವುದಾದರೆ ಬಳಕೆಯ ವೋಲ್ಟೇಜಿನ ಎರಡು ಪಟ್ಟು ತಾಳುವಂಥದ್ದು ಆರಿಸಿ. ಧ್ರುವವನ್ನು ಎರಡು ಸಲ ನೋಡಿ: ಅಲ್ಯೂಮಿನಿಯಂ ಡಬ್ಬಿಯ ಪಟ್ಟಿ ಋಣವನ್ನು ತೋರಿಸುತ್ತದೆ, ಟ್ಯಾಂಟಲಮ್ ಮೇಲಿನ ಪಟ್ಟಿ ಧನವನ್ನು. ಈ ಒಂದು ವ್ಯತ್ಯಾಸ ಮರೆತರೆ ಕೆಪಾಸಿಟರ್ ಬೆಂಕಿ ಕಾರುತ್ತದೆ.

ಕೀಳುವಾಗ ತಿರುಚಬೇಡಿ. ಸೋರಿಕೆಯಿಂದ ಪ್ಯಾಡಿನ (ಕಾಲು ಬೆಸೆಯುವ ತಾಮ್ರದ ತಟ್ಟೆಯ) ಅಂಟು ಸಡಿಲಾಗಿರುತ್ತದೆ, ತಿರುಚಿದರೆ ಪ್ಯಾಡ್ ಸಮೇತ ಬರುತ್ತದೆ. ಹೊಸ ಸೀಸದ ಬೆಸುಗೆಯನ್ನು ಎರಡೂ ಕಾಲಿಗೆ ಧಾರಾಳವಾಗಿ ಹಾಕಿ, ಎರಡು ಕಡ್ಡಿಗಳಿಂದ ಒಟ್ಟಿಗೆ ಕಾಯಿಸಿ ಎತ್ತಿ. ಕಡ್ಡಿ 330ರಿಂದ 350 ಡಿಗ್ರಿ ಸಾಕು. ಪ್ಯಾಡಿನ ಮೇಲಿನ ಕಂದು ಕೊಳೆ ಪೂರ್ತಿ ಹೋಗದೆ ಹೊಸದನ್ನು ಬೆಸೆಯಬೇಡಿ, ತವರ ಹಿಡಿಯುವುದೇ ಇಲ್ಲ.

ಮೂಲ ಚಾರ್ಜರ್ ಇಲ್ಲ. ಪಿನ್ ಹೊಂದುವ ಯಾವುದನ್ನಾದರೂ ಹಾಕಬಹುದೇ?

ಪಿನ್ ಹೊಂದುವುದು ಏನನ್ನೂ ಹೇಳುವುದಿಲ್ಲ. ಯಂತ್ರದ ತಳದ ಚೀಟಿಯಲ್ಲಿ ವೋಲ್ಟೇಜು, ಆಂಪಿಯರ್, ಧ್ರುವದ ಗುರುತು ಮೂರೂ ಇರುತ್ತವೆ. ವೋಲ್ಟೇಜು ಮತ್ತು ಧ್ರುವ ಅದೇ ಆಗಿರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ. ಟಿ20ರಿಂದ ಟಿ43ರವರೆಗಿನ ಥಿಂಕ್‌ಪ್ಯಾಡ್‌ಗಳಿಗೆ 16 ವೋಲ್ಟ್, 4.5 ಆಂಪಿಯರ್, ಹೊರಗೆ 5.5 ಒಳಗೆ 2.5 ಮಿ.ಮೀ. ಪಿನ್. 2006ರ ಟಿ60ರಿಂದ ಮುಂದೆ 20 ವೋಲ್ಟ್. ಪವರ್‌ಬುಕ್ 100 ಸರಣಿಗೆ ಬರೀ 7.5 ವೋಲ್ಟ್. ಪಿನ್ ಬದಲಿಸುವ ತಲೆಗಳಿರುವ "ಯೂನಿವರ್ಸಲ್" ಚಾರ್ಜರ್‌ಗಳಲ್ಲಿ 15, 16, 18, 19, 20 ಎಲ್ಲವೂ ಒಂದೇ ಗುಂಡಿಯಲ್ಲಿರುತ್ತವೆ. ಗುಂಡಿ ಸರಿಯುವುದು ಸುಲಭ, ಹಾಗಾಗಿ ಸಿಕ್ಕಿಸುವ ಮೊದಲು ಪ್ರತಿ ಸಲ ಮಲ್ಟಿಮೀಟರ್‌ನಲ್ಲಿ ಅಳೆಯಿರಿ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರವಾದರೆ ಚಾರ್ಜರ್ ಮೇಲಿನ ಬರಹ ಓದದೆ ಗೋಡೆಗೆ ಹಾಕಬೇಡಿ. 100–240 ಎಂದಿದ್ದರೆ ಸರಿ. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಅದು ಉಳಿಯುವುದಿಲ್ಲ. ಯಂತ್ರದ ಲೋಹದ ಭಾಗ ಮುಟ್ಟಿದಾಗ ಜುಮ್ಮೆನ್ನುವುದು ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಸಾಮಾನ್ಯ, ಫಿಲ್ಟರ್ ಕೆಪಾಸಿಟರ್ ಮೂಲಕ ಬರುವ ಅಲ್ಪ ಕರೆಂಟು ಅದು. ಬೋರ್ಡ್ ತೆರೆದು ಕೆಲಸ ಮಾಡುವಾಗ ಮಾತ್ರ ಅರ್ಥಿಂಗ್ ಇರುವ ಮೂರು ಪಿನ್ನಿನದನ್ನೇ ಬಳಸಿ.

ಚಾರ್ಜರ್ ಸರಿಯಿದೆ, ಆದರೆ ಯಂತ್ರ ಸತ್ತಂತಿದೆ. ಎಲ್ಲಿಂದ ಹುಡುಕಲಿ?

ಬ್ಯಾಟರಿ, ಹಾರ್ಡ್‌ಡಿಸ್ಕ್, ಮೋಡೆಮ್ ಕಾರ್ಡ್, ಹೆಚ್ಚುವರಿ ಮೆಮೊರಿ, ಡ್ರೈವ್ ಎಲ್ಲ ಕಳಚಿ. ಚಾರ್ಜರ್ ಸಿಕ್ಕಿಸುವ ಜಾಕಿನ ಬೆಸುಗೆ ಬಿರುಕು ಬಿಟ್ಟಿದೆಯೇ ನೋಡಿ, ಅತಿ ಸಾಮಾನ್ಯ ದೋಷ ಇದೇ. ಜಾಕಿನ ಹತ್ತಿರ ಎಫ್ ಎಂದು ಅಚ್ಚಾದ ಫ್ಯೂಸ್‌ಗಳನ್ನು ಅಳೆಯಿರಿ. ಬಳಿಕ ಬೆಂಚ್ ಸಪ್ಲೈನಲ್ಲಿ ಸರಿಯಾದ ವೋಲ್ಟೇಜು ಇಟ್ಟು, ಕರೆಂಟ್ ಮಿತಿಯನ್ನು 0.5 ಆಂಪಿಯರ್‌ಗೆ ಹಾಕಿ ಜೋಡಿಸಿ. ಗುಂಡಿ ಒತ್ತುವ ಮೊದಲೇ ಮಿತಿ ಮುಟ್ಟಿದರೆ ಎಲ್ಲೋ ಶಾರ್ಟ್ ಇದೆ, ಅದು ಹೆಚ್ಚಾಗಿ ಒಂದು ಟ್ಯಾಂಟಲಮ್ ಅಥವಾ ಸೆರಾಮಿಕ್ ಕೆಪಾಸಿಟರ್. ಬೋರ್ಡಿನ ಮೇಲೆ ಆಲ್ಕೊಹಾಲ್ ಸವರಿ ಅದೇ ಅಲ್ಪ ಕರೆಂಟ್ ಕೊಟ್ಟರೆ ಬಿಸಿಯಾದ ಭಾಗದ ಮೇಲೆ ಮೊದಲು ಒಣಗುತ್ತದೆ. ಕಳ್ಳ ಅಲ್ಲೇ ಸಿಗುತ್ತಾನೆ. ಏನೂ ಎಳೆಯದೆ ಸುಮ್ಮನಿದ್ದರೆ ಫ್ಯೂಸ್ ಅಥವಾ ಆನ್ ಗುಂಡಿಯ ಸರ್ಕ್ಯೂಟ್ ನೋಡಿ. ಕೆಲವು ಹಳೆ ಯಂತ್ರಗಳು, ಮುಖ್ಯವಾಗಿ ಮ್ಯಾಕಿಂತೋಷ್ ಪೋರ್ಟಬಲ್, ಸರಿಯಾದ ಬ್ಯಾಟರಿ ಇಲ್ಲದೆ ಬರೀ ಚಾರ್ಜರ್‌ನಲ್ಲಿ ಏಳುವುದೇ ಇಲ್ಲ.

ಯಂತ್ರ ಓಡುತ್ತಿದೆ, ಪರದೆ ಮಾತ್ರ ಕತ್ತಲು.

ಕತ್ತಲ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಅಕ್ಷರಗಳು ಮಸುಕಾಗಿ ಕಂಡರೆ ಪರದೆ ಸರಿಯಿದೆ, ಹಿಂಬೆಳಕು ಹೋಗಿದೆ. ಮೊದಲು ಮುಚ್ಚಳದ ಸ್ವಿಚ್ ಅಂಟಿಕೊಂಡಿದೆಯೇ ನೋಡಿ, ಖರ್ಚಿಲ್ಲದ ಪರಿಹಾರ ಅದು. ಮುಂದಿನದು ಹಿಂಬೆಳಕಿನ ಟ್ಯೂಬಿಗೆ ವಿದ್ಯುತ್ ಕೊಡುವ, ಇನ್ವರ್ಟರ್ ಎಂಬ ಉದ್ದನೆಯ ಪುಟ್ಟ ಬೋರ್ಡಿನ ಫ್ಯೂಸ್. ಅದೂ ಸರಿಯಿದ್ದರೆ ಸರಿಯಿದೆ ಎಂದು ಗೊತ್ತಿರುವ ಟ್ಯೂಬ್ ಜೋಡಿಸಿ ಪರೀಕ್ಷಿಸಿ. ಆನ್ ಮಾಡಿದಾಗ ಬೆಳಕು ಕೆಂಪಗೆ ಬಂದು, ಕ್ರಮೇಣ ಬಿಳಿಯಾಗಿ, ಆಮೇಲೆ ಆರಿಹೋದರೆ ತಪ್ಪು ಟ್ಯೂಬಿನದೇ.

ಈ ಕೋಲ್ಡ್ ಕ್ಯಾಥೋಡ್ ಟ್ಯೂಬ್‌ಗಳು ಉರಿಯುವಾಗ ಹಲವು ನೂರು ವೋಲ್ಟ್, ಹೊತ್ತಿಕೊಳ್ಳುವಾಗ ಸಾವಿರ ವೋಲ್ಟಿಗೂ ಮೀರಿ ಬೇಡುತ್ತವೆ. ಆನ್ ಇದ್ದಾಗ ಇನ್ವರ್ಟರ್ ಮುಟ್ಟಬೇಡಿ. ಟ್ಯೂಬು ಎರಡು ಮಿ.ಮೀ.ಗಿಂತ ಸ್ವಲ್ಪ ದಪ್ಪದ ಗಾಜು, ಒಳಗೆ ಕೆಲವು ಮಿಲಿಗ್ರಾಂ ಪಾದರಸ. ಒಡೆದರೆ ಕಿಟಕಿ ತೆರೆದು, ಟೇಪಿನಿಂದ ಚೂರು ಎತ್ತಿ. ಪೊರಕೆ ಬೇಡ.

ಈಗ ಟ್ಯೂಬಿನ ಬದಲು ಎಲ್‌ಇಡಿ ಪಟ್ಟಿ ಹಾಕುವುದು ವಾಡಿಕೆ. ಹಳೆ ಟ್ಯೂಬಿನ ಉದ್ದವನ್ನೂ, ಅದು ಕೂರುವ ಕಾಲುವೆಯ ಅಗಲವನ್ನೂ ಅಳೆದು ಪಟ್ಟಿ ತರಿಸಿ. ಅದರ ಜೊತೆ ಬರುವ ಪುಟ್ಟ ಡ್ರೈವರ್ ಬೋರ್ಡಿಗೆ ನಾಲ್ಕು ತಂತಿ: ವಿದ್ಯುತ್, ನೆಲ, ಆನ್ ಮಾಡುವ ಸಂಕೇತ, ಪ್ರಕಾಶದ ಸಂಕೇತ. ಇವೆಲ್ಲ ಹಳೆ ಇನ್ವರ್ಟರಿನ ಕನೆಕ್ಟರ್‌ನಲ್ಲೇ ಸಿಗುತ್ತವೆ. ಪ್ರಕಾಶದ ತಂತಿಯ ವೋಲ್ಟೇಜನ್ನು ಮೊದಲು ಅಳೆಯಿರಿ. ಕೆಲವು ಯಂತ್ರಗಳಲ್ಲಿ ವೋಲ್ಟೇಜು ಏರಿದಂತೆ ಬೆಳಕು ಇಳಿಯುತ್ತದೆ. ಮೂಲ ಇನ್ವರ್ಟರನ್ನು ಎಸೆಯದೆ ಚೀಟಿ ಬರೆದು ಪೊಟ್ಟಣ ಕಟ್ಟಿಡಿ.

ಪರದೆಯ ಮೇಲೆ ಕಂದು ಮೋಡ, ಗುಳ್ಳೆ, ಹುಳಿ ವಾಸನೆ. ಇದೇನು?

ಪರದೆಯ ಗಾಜಿಗೆ ಅಂಟಿಸಿದ, ಬೆಳಕನ್ನು ಸೋಸುವ ಪೋಲರೈಸರ್ ಹಾಳೆ ಸೆಲ್ಯುಲೋಸ್ ಟ್ರೈಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನದು. ಸೆಕೆ ಮತ್ತು ತೇವದಲ್ಲಿ ಅದು ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಆಮ್ಲ ಬಿಡುತ್ತದೆ. ಬಿಡುಗಡೆಯಾದ ಆಮ್ಲ ಉಳಿದ ಹಾಳೆಯನ್ನು ಇನ್ನೂ ಬೇಗ ಕೆಡಿಸುತ್ತದೆ. ಹಳೆ ಸಿನಿಮಾ ರೀಲುಗಳಿಗೆ ಬರುವ ರೋಗವೂ ಇದೇ. ಕರಾವಳಿಯ ಹವೆಯಲ್ಲಿ ಇದು ಬೇಗ ಹಿಡಿಯುತ್ತದೆ. ಇಂಥ ಯಂತ್ರವನ್ನು ಬೇರೆ ಯಂತ್ರಗಳ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಾರದು.

ಮದ್ದು ಒಂದೇ, ಹಾಳೆ ಬದಲಿಸುವುದು. ಪರದೆಯ ಗಾಜನ್ನು ಹಿಂಬೆಳಕಿನಿಂದ ಬೇರ್ಪಡಿಸಿ, ಹಾಳೆಯ ಮೂಲೆಯನ್ನು ಬ್ಲೇಡಿನಿಂದ ಎಬ್ಬಿಸಿ, ಬೆಚ್ಚಗೆ ಮಾಡುತ್ತಾ ಮೈಗೆ ಅಂಟಿದಂತೆಯೇ ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಎತ್ತಿದರೆ ಗಾಜು ಸೀಳುತ್ತದೆ. ಉಳಿದ ಗೋಂದಿನ ಮೇಲೆ ಆಲ್ಕೊಹಾಲ್ ನೆನೆಸಿದ ಕಾಗದವನ್ನು ಹತ್ತು ನಿಮಿಷ ಹಾಸಿ, ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆಯಿರಿ. ಅಂಚಿನ ರಿಬ್ಬನ್ ಜೋಡಣೆಗಳಿಗೆ ದ್ರವ ಇಳಿಯಬಾರದು, ಅವು ಒಮ್ಮೆ ಬಿಟ್ಟರೆ ಮತ್ತೆ ಅಂಟುವುದಿಲ್ಲ. ಹೊಸ ಹಾಳೆ ಅಂಟಿಸುವ ಮೊದಲು ಪರದೆ ಚಾಲೂ ಮಾಡಿ, ಹಾಳೆಯನ್ನು ಮೇಲೆ ಹಿಡಿದು ತಿರುಗಿಸುತ್ತಾ ಚಿತ್ರ ಗಾಢವಾಗುವ ಕೋನ ಗುರುತಿಸಿ ಕತ್ತರಿಸಿ. ಹಳೆಯ ಕಪ್ಪು-ಬಿಳಿ ಎಸ್‌ಟಿಎನ್ ಪರದೆಗಳಲ್ಲಿ ಪೋಲರೈಸರ್ ಜೊತೆ ಬಣ್ಣ ಸರಿಪಡಿಸುವ ಇನ್ನೊಂದು ಪದರ ಇರಬಹುದು. ಅದನ್ನೂ ಕಿತ್ತರೆ ಬಿಳಿ ಇದ್ದದ್ದು ನೀಲಿಯೋ ಹಳದಿಯೋ ಆಗುತ್ತದೆ.

ಹಾರ್ಡ್‌ಡಿಸ್ಕ್ ಇನ್ನೂ ತಿರುಗುತ್ತಿದೆ. ಹಾಗೇ ಬಳಸಲೇ?

ಅದರಲ್ಲಿರುವುದನ್ನು ನಕಲು ಮಾಡುವವರೆಗೆ ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಅದರಿಂದ ಬೂಟ್ ಕೂಡ ಮಾಡಬೇಡಿ. ಡಿಸ್ಕನ್ನು ಹೊರತೆಗೆದು 44 ಪಿನ್ನಿನ ಯುಎಸ್‌ಬಿ ಅಡಾಪ್ಟರ್ ಮೂಲಕ ಲಿನಕ್ಸ್ ಯಂತ್ರಕ್ಕೆ ಜೋಡಿಸಿ, ಡಿಡಿರೆಸ್ಕ್ಯೂ ತಂತ್ರಾಂಶದಿಂದ ಪೂರ್ತಿ ಪ್ರತಿ ತೆಗೆಯಿರಿ. ಓದಲು ಆಗುವ ಭಾಗವನ್ನು ಅದು ಮೊದಲು ಓದಿ, ಕಷ್ಟದ ಭಾಗಕ್ಕೆ ಆಮೇಲೆ ಮರಳುತ್ತದೆ. ತೀರಾ ಹಳೆಯ, ಎಲ್‌ಬಿಎ ಎಂಬ ವಿಳಾಸ ಕ್ರಮ ಗೊತ್ತಿಲ್ಲದ ಡಿಸ್ಕುಗಳು ಯುಎಸ್‌ಬಿ ಅಡಾಪ್ಟರಿಗೆ ಕಾಣುವುದಿಲ್ಲ. ಅವಕ್ಕೆ ಐಡಿಇ (ಆ ಕಾಲದ ಡಿಸ್ಕ್ ಜೋಡಣೆಯ ಬಗೆ) ಪೋರ್ಟ್ ಇರುವ ಹಳೆ ಡೆಸ್ಕ್‌ಟಾಪ್ ಬೇಕು.

ಬದಲಿಗೆ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಮತ್ತು 44 ಪಿನ್ ಅಡಾಪ್ಟರ್ ಒಳ್ಳೆಯ ಜೋಡಿ, ಸದ್ದಿಲ್ಲ, ಬಿಸಿಯಿಲ್ಲ. 20ನೇ ಪಿನ್ನಿನ ಜಾಗ ಖಾಲಿ ಇರುತ್ತದೆ, ಅದನ್ನು ನೋಡಿಕೊಂಡು ಕೂರಿಸಿ. ತಲೆಕೆಳಗಾಗಿ ಅಥವಾ ಒಂದು ಸಾಲು ಸರಿದು ಹಾಕಿದರೆ 5 ವೋಲ್ಟ್ ಹೋಗಬಾರದ ಕಡೆ ಹೋಗಿ ಕಾರ್ಡ್ ಸುಡುತ್ತದೆ. ಗಾತ್ರದಲ್ಲಿ ದುರಾಸೆ ಬೇಡ. 1990ರ ದಶಕದ ಆರಂಭದ ಬಯೋಸ್ (ಯಂತ್ರವನ್ನು ಎಬ್ಬಿಸುವ ಒಳ ತಂತ್ರಾಂಶ) 528 ಎಂಬಿ ದಾಟುವುದಿಲ್ಲ, ಮುಂದಿನವು 8.4 ಜಿಬಿಗೆ, ಅವಕ್ಕೂ ಮುಂದಿನವು 137 ಜಿಬಿಗೆ ನಿಲ್ಲುತ್ತವೆ. ಡಾಸ್ ಯಂತ್ರಕ್ಕೆ 512 ಎಂಬಿ ಕಾರ್ಡ್ ಧಾರಾಳ ಸಾಕು. ವಿಂಡೋಸ್ ಎಕ್ಸ್‌ಪಿ ಹಾಕುವುದಾದರೆ ತನ್ನನ್ನು ಸ್ಥಿರ ಡಿಸ್ಕ್ ಎಂದು ಹೇಳಿಕೊಳ್ಳುವ ಕೈಗಾರಿಕಾ ದರ್ಜೆಯ ಕಾರ್ಡನ್ನೇ ಹುಡುಕಿ, ಕ್ಯಾಮೆರಾ ಕಾರ್ಡುಗಳು ತೆಗೆಯಬಹುದಾದ ಡಿಸ್ಕ್ ಎಂದು ತೋರಿಸಿಕೊಂಡು ಅನುಸ್ಥಾಪನೆಯಲ್ಲಿ ಕಾಟ ಕೊಡುತ್ತವೆ. ಟಿ43, ಎಕ್ಸ್41 ಯಂತ್ರಗಳು ಪರಿಚಯವಿಲ್ಲದ ಡಿಸ್ಕ್ ಕಂಡರೆ 2010 ಎಂಬ ಎಚ್ಚರಿಕೆ ತೋರಿಸುತ್ತವೆ. ಪವರ್‌ಬುಕ್ 100 ಸರಣಿಯ ಹೆಚ್ಚಿನವುಗಳದ್ದು ಐಡಿಇ ಅಲ್ಲ, ಸ್ಕಸಿ ಎಂಬ ಬೇರೆ ಬಗೆಯ ಜೋಡಣೆ. ಅದಕ್ಕೆ ಸ್ಕಸಿ ಡಿಸ್ಕಿನ ಬದಲು ಮೆಮೊರಿ ಕಾರ್ಡ್ ಬಳಸುವ ಬ್ಲೂಸ್ಕಸಿ ಎಂಬ ಬೋರ್ಡಿನ ಲ್ಯಾಪ್‌ಟಾಪ್ ಮಾದರಿ ಬಳಸಿ.

ಹಳೆ ಡಿಸ್ಕಿನಲ್ಲಿ ಕನ್ನಡ ಕಡತಗಳಿವೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ ಬರುತ್ತಿದೆ.

ಕಡತ ಕೆಟ್ಟಿಲ್ಲ, ಗಾಬರಿ ಬೇಡ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಶ್ರೀಲಿಪಿ, ಎಲ್ಲದರ ಹಳೆಯ ಕಡತಗಳೂ ಹೀಗೆಯೇ. ಅದಕ್ಕೇ ಡಿಸ್ಕಿನ ಪೂರ್ತಿ ಪ್ರತಿ ತೆಗೆಯಿರಿ ಎನ್ನುವುದು. ಕಡತ ಮಾತ್ರ ನಕಲಿಸಿದವರು ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ಬಿಟ್ಟುಬರುತ್ತಾರೆ. ಕಡತವನ್ನು ಓದಿಸುವ ಕೀಲಿಕೈ ಇರುವುದು ಅಲ್ಲಿ.

ನುಡಿ ಮತ್ತು ಬರಹದ ಹಳೆ ಬರವಣಿಗೆಯನ್ನು ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳಲ್ಲಿ ತಪ್ಪು ನುಸುಳುವುದರಿಂದ ಮೂಲ ಯಂತ್ರದ ಪರದೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಹೋಲಿಸಿ. ದುರಸ್ತಿಯಾದ ಹಳೆ ಲ್ಯಾಪ್‌ಟಾಪ್ ಅತ್ಯಂತ ಉಪಯೋಗಕ್ಕೆ ಬರುವುದು ಇಂಥ ಕೆಲಸಕ್ಕೇ. ಒಂದು ಊರಿನ ಸಂಘದ ನಡಾವಳಿಯೋ, ಯಾರದೋ ಅಪ್ರಕಟಿತ ಕಾದಂಬರಿಯೋ ಅದರೊಳಗೆ ಕೂತಿರಬಹುದು.

ಮುಖ್ಯ ಬ್ಯಾಟರಿಗೆ ಹೊಸ ಸೆಲ್ ತುಂಬಿಸಬಹುದೇ?

ನಿಕಲ್ ಬ್ಯಾಟರಿಯಾದರೆ ತಕ್ಕಮಟ್ಟಿಗೆ ಸುಲಭ. ಲಿಥಿಯಂ ಅಯಾನ್ ಆದರೆ ಅನುಭವ ಇಲ್ಲದವರು ಕೈ ಹಾಕಬಾರದು. ಯಂತ್ರ ಚಾರ್ಜರ್‌ನಲ್ಲೇ ಓಡುವುದಾದರೆ ಖಾಲಿ ಕವಚವನ್ನು ಅಂದಕ್ಕೆ ಇಟ್ಟು ಸುಮ್ಮನಿರುವುದು ನಮ್ಮ ಸಲಹೆ. ಕರೆಂಟು ಹೋಗುವ ಊರಾದರೆ ಚಿಕ್ಕ ಯುಪಿಎಸ್ ಸಾಕು.

ಮಾಡಲೇಬೇಕೆಂದರೆ ಇಷ್ಟು ತಿಳಿದಿರಲಿ. 10.8 ವೋಲ್ಟಿನ ಆರು ಸೆಲ್ ಬ್ಯಾಟರಿ ಎಂದರೆ ಎರಡೆರಡರ ಮೂರು ಜೋಡಿ 18650 ಸೆಲ್. ಒಳಗಿನ ಲೆಕ್ಕದ ಚಿಪ್ಪು ಒಂದು ಕ್ಷಣ ವೋಲ್ಟೇಜು ಕಳೆದುಕೊಂಡರೂ ತನ್ನನ್ನು ಶಾಶ್ವತವಾಗಿ ಕೆಟ್ಟದ್ದೆಂದು ಗುರುತಿಸಿಕೊಂಡು ಬೀಗ ಹಾಕಿಕೊಳ್ಳಬಹುದು. ಅದಕ್ಕೆ ಸೆಲ್ ಬದಲಿಸುವಾಗ ಬೇರೆ ಮೂಲದಿಂದ ಪ್ರತಿ ಹಂತಕ್ಕೂ ವೋಲ್ಟೇಜು ಕೊಡುತ್ತಲೇ ಇರಬೇಕು. ಸೆಲ್ಲಿಗೆ ಬೆಸುಗೆ ಸಲ್ಲದು, ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಬೇಕು. ಆರೂ ಸೆಲ್ ಒಂದೇ ಮಾದರಿ, ಒಂದೇ ವೋಲ್ಟೇಜು. ಉಷ್ಣತೆಯ ಸಂವೇದಕ ಮತ್ತು ಫ್ಯೂಸ್ ಮೊದಲಿದ್ದ ಜಾಗದಲ್ಲೇ ಮತ್ತೆ ಕೂರಬೇಕು. ತೆಗೆದ ಸೆಲ್ಲುಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ, ಒಣ ಕಸಕ್ಕೆ ಹಾಕಿದರೆ ಕಸದ ಲಾರಿಯಲ್ಲೇ ಬೆಂಕಿ ಹೊತ್ತಬಹುದು.

ಹೊರಮೈ ಹಲಸಿನ ಮೇಣ ಮೆತ್ತಿದಂತೆ ಅಂಟುತ್ತಿದೆ.

ಮೃದುವಾಗಿರಲೆಂದು ಬಳಿದ ಪಾಲಿಯುರಿಥೇನ್ ಲೇಪ ಗಾಳಿಯ ತೇವದಿಂದ ಒಡೆದು ಹೀಗಾಗುತ್ತದೆ. 1995ರ ಥಿಂಕ್‌ಪ್ಯಾಡ್ 701ಸಿ, ಆ ಚಿಟ್ಟೆ ಕೀಲಿಮಣೆಯ ಯಂತ್ರ, ಇದಕ್ಕೆ ಹೆಸರಾಂತ ಉದಾಹರಣೆ. ಪುಡಿ ಉದುರಿಸಿದರೆ ಕೆಲವು ದಿನ ಸರಿಯಿರುತ್ತದೆ, ಅಷ್ಟೇ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಲೇಪವನ್ನು ಪೂರ್ತಿ ಕರಗಿಸಿ ಒರೆಸಿ ತೆಗೆಯುವುದೇ ದಾರಿ. ಚೀಟಿ, ಲಾಂಛನಗಳನ್ನು ಮೊದಲೇ ಟೇಪಿನಿಂದ ಮುಚ್ಚಿ. ಅಸಿಟೋನ್ ಬಳಸಿದರೆ ಅಡಿಯ ಪ್ಲಾಸ್ಟಿಕ್ಕೂ ಕರಗುತ್ತದೆ.

ಹಳದಿಯಾದ ಪ್ಲಾಸ್ಟಿಕ್ ಬಿಳಿ ಮಾಡಬಹುದೇ?

ಔಷಧಿ ಅಂಗಡಿಯ 20 ವಾಲ್ಯೂಮ್ ಹೈಡ್ರೋಜನ್ ಪೆರಾಕ್ಸೈಡ್ ಎಂದರೆ ಸುಮಾರು ಶೇಕಡಾ 6, ಅಷ್ಟು ಸಾಕು. ಭಾಗವನ್ನು ಅದರಲ್ಲಿ ಪೂರ್ತಿ ಮುಳುಗಿಸಿ, ಬಿಸಿಲಲ್ಲಿ ಕೆಲವು ಗಂಟೆ ಇಟ್ಟು, ಆಗಾಗ ಮಗುಚಿ. ಅರ್ಧ ಮುಳುಗಿದರೆ ಪಟ್ಟೆ ಬೀಳುತ್ತದೆ. ಬಣ್ಣ ಮತ್ತೆ ಮರಳಬಹುದು, ಪೆಡಸುತನವಂತೂ ಹೋಗುವುದಿಲ್ಲ. ತೆಳು ಭಾಗಗಳಿಗೆ ಇದನ್ನು ಮಾಡದಿರುವುದೇ ಒಳ್ಳೆಯದು.

ಪಾಸ್‌ವರ್ಡ್ ಕೇಳುತ್ತಿದೆ. ಗಡಿಯಾರದ ಬ್ಯಾಟರಿ ತೆಗೆದರೆ ಹೋಗುವುದೇ?

ಥಿಂಕ್‌ಪ್ಯಾಡ್‌ಗಳಲ್ಲಿ ಆನ್ ಮಾಡುವಾಗಿನ ಪಾಸ್‌ವರ್ಡ್ ಹೋಗುತ್ತದೆ, ಸೂಪರ್‌ವೈಸರ್ ಪಾಸ್‌ವರ್ಡ್ ಹೋಗುವುದಿಲ್ಲ. ಟಿ20ರಿಂದ ಟಿ42ರವರೆಗಿನ ಯಂತ್ರಗಳಲ್ಲಿ ಅದು 24ಆರ್‌ಎಫ್08 ಎಂಬ ಪುಟ್ಟ ಇಇಪ್ರಾಮ್ ಚಿಪ್ಪಿನಲ್ಲಿ ಕೂತಿರುತ್ತದೆ, ಎರಡು ತಂತಿಯ ರೀಡರಿನಿಂದ ಓದಬೇಕು. ಈ ಚಿಪ್ಪು ಸೂಕ್ಷ್ಮ. ಸೆನ್ಸರ್ ಹುಡುಕುವ ಕೆಲವು ಹಳೆ ಲಿನಕ್ಸ್ ತಂತ್ರಾಂಶಗಳು ಅದನ್ನು ತಡಕಾಡಿ ಅಳಿಸಿಹಾಕಿದ್ದೂ ಉಂಟು. ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಡಿಸ್ಕಿನೊಳಗೇ ಇರುತ್ತದೆ, ಯಂತ್ರ ಬದಲಿಸಿದರೂ ಬಿಡದು. ಕೊಳ್ಳುವ ಮೊದಲೇ ಬಯೋಸ್ ಒಳಹೊಕ್ಕು ನೋಡಿ, ಯಂತ್ರ ಮಾರುವವರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ.

ಟಿ40, ಟಿ42 ಒಂದು ಮೂಲೆ ಹಿಡಿದೆತ್ತಿದರೆ ಪರದೆ ಕಲಕಿ ನಿಲ್ಲುತ್ತದೆ.

ಬೋರ್ಡ್ ಬಾಗಿ ಗ್ರಾಫಿಕ್ಸ್ ಚಿಪ್ಪಿನ ಅಡಿಯ ಬೆಸುಗೆ ಗುಂಡುಗಳು ಬಿರುಕು ಬಿಟ್ಟಿವೆ. ಒಲೆಯಲ್ಲಿ ಬೇಯಿಸುವುದು, ಹೇರ್‌ಡ್ರೈಯರ್ ಹಿಡಿಯುವುದು ವಾರದ ಮಟ್ಟಿಗಿನ ಉಪಾಯ. ಚಿಪ್ಪು ಎತ್ತಿ ಹೊಸ ಗುಂಡು ಕೂರಿಸುವ ಯಂತ್ರ ಇರುವವರಲ್ಲಿಗೆ ಒಯ್ಯಿರಿ. ಉಳಿದ ಸರಿಯಿರುವ ಯಂತ್ರಗಳನ್ನು ಎರಡು ಕೈಯಲ್ಲಿ ಎತ್ತಿ.

ಇಂಟರ್ನೆಟ್ ಇಲ್ಲದೆ ಕಡತ ಹೇಗೆ ಸಾಗಿಸುವುದು?

ಪಿಸಿಎಂಸಿಐಎ ಕಿಂಡಿ (ಲ್ಯಾಪ್‌ಟಾಪಿನ ಬದಿಯಲ್ಲಿ ಹೆಚ್ಚುವರಿ ಕಾರ್ಡ್ ತೂರಿಸುವ ಜಾಗ) ಇದ್ದರೆ, ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡಿಗೆ ಸಿಗುವ ಸರಳ ಅಡಾಪ್ಟರ್. ವಿಂಡೋಸ್ 95ರಿಂದ ಮುಂದೆ ಅದು ಡಿಸ್ಕಿನಂತೆಯೇ ಕಾಣುತ್ತದೆ. ಕಾರ್ಡ್ 2 ಜಿಬಿ ಒಳಗಿರಲಿ, ಫ್ಯಾಟ್16ರಲ್ಲಿ ಫಾರ್ಮ್ಯಾಟ್ ಆಗಿರಲಿ. ಎಂಎಸ್-ಡಾಸ್ 6 ಇದ್ದರೆ ಇಂಟರ್‌ಲಿಂಕ್ ಎಂಬ ಸೌಲಭ್ಯ ಅದರಲ್ಲೇ ಇದೆ, ಸೀರಿಯಲ್ ಅಥವಾ ಪ್ಯಾರಲಲ್ ಕೇಬಲ್ ಸಾಕು. ನೆಟ್‌ವರ್ಕ್ ಬೇಕಾದರೆ 3ಕಾಮ್‌ನ 3ಸಿ589 ಕಾರ್ಡ್ ಮತ್ತು ಡಾಸ್‌ಗೆ ಎಂಟಿಸಿಪಿ ಎಂಬ ನೆಟ್‌ವರ್ಕ್ ತಂತ್ರಾಂಶ ಚೆನ್ನಾಗಿ ಹೊಂದುತ್ತವೆ. ಕಿಂಡಿ 16 ಬಿಟ್ಟಿನದಾದರೆ 32 ಬಿಟ್ಟಿನ ಕಾರ್ಡ್‌ಬಸ್ ಕಾರ್ಡ್ ಒಳಗೇ ಹೋಗುವುದಿಲ್ಲ, ಒತ್ತಿ ತುರುಕಬೇಡಿ. ತುದಿಯಲ್ಲಿ ಉಬ್ಬುಗಳಿರುವ ಚಿನ್ನದ ಬಣ್ಣದ ಪಟ್ಟಿ ಕಂಡರೆ ಅದು ಕಾರ್ಡ್‌ಬಸ್.

ಮಳೆಗಾಲದಲ್ಲಿ ಹೇಗೆ ಇಡುವುದು?

ಎಲ್ಲ ಬ್ಯಾಟರಿಗಳನ್ನೂ ತೆಗೆದು. ಮಲೆನಾಡು, ಕರಾವಳಿಯಲ್ಲಿ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಒಳಗೆ ಪುಟ್ಟ ತೇವಮಾಪಕ ಇಟ್ಟು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ತೀರಾ ಒಣಗಿದರೂ ರಬ್ಬರಿಗೆ ಒಳ್ಳೆಯದಲ್ಲ. ಪರದೆಗೆ ಕೀಲಿಮಣೆಯ ಗುರುತು ಬೀಳದಂತೆ ನಡುವೆ ತೆಳು ಹತ್ತಿಬಟ್ಟೆ ಹಾಸಿ. ಬಬಲ್ ಪ್ಲಾಸ್ಟಿಕ್ ನೇರವಾಗಿ ಸುತ್ತಿದರೆ ಗುಳ್ಳೆಗಳ ಅಚ್ಚು ಹೊರಮೈ ಮೇಲೆ ಉಳಿಯುತ್ತದೆ. ಸಿಲಿಕಾ ಬಣ್ಣ ತಿರುಗಿದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಬಹುದು, ಆ ಬಾಣಲೆ ಅಡುಗೆಗೆ ಬೇಡ. ಮೂರು ತಿಂಗಳಿಗೊಮ್ಮೆ ಹೊರತೆಗೆದು ಅರ್ಧ ಗಂಟೆ ಓಡಿಸಿ: ಫ್ಯಾನ್ ತಿರುಗುತ್ತದೆ, ಕೀಲು ಆಡುತ್ತದೆ, ಹೊಸ ವಾಸನೆ ಏನಾದರೂ ಇದ್ದರೆ ಮೂಗಿಗೆ ಬಡಿಯುತ್ತದೆ.